ಬೆರಳು ತೋರಿಸಬೇಡಿ

ಹಿತ್ತಲ ಬಾಗಿಲಿಗೆ ಒಂದು ಬೋರ್ಡ್ ಬರೆಸಿ ಹಾಕೋಣ ಅಂತ ಇದ್ದೇನೆ. 'ಹೀಚಿಗೆ ಬೆರಳು ತೋರಿಸಬಾರದು.' ಅದರ ಕೆಳಗೆ ಸ್ವಲ್ಪ ಸಣ್ಣ ಅಕ್ಷರದಲ್ಲಿ, 'ಸಲಹೆ ಕೊಡುವವರು ಗೇಟಿನ ಹೊರಗೇ ಕೊಟ್ಟು ಹೋಗಿ.'

ನಮ್ಮ ಷಡ್ಡಕರು ಬೆಂಗಳೂರಿನವರು. ಒಂಬತ್ತನೇ ಮಹಡಿ. ಬಾಲ್ಕನಿಯಲ್ಲಿ ಒಂದು ಮನಿ ಪ್ಲಾಂಟ್ ಇದೆ, ಅದಕ್ಕೂ ನೀರು ಹಾಕುವುದು ಕೆಲಸದವಳು. ಆದರೆ ಮೈಸೂರಿಗೆ ಬಂದರೆ ಸಾಕು, ಕಾಫಿ ಲೋಟ ಹಿಡಿದು ಸೀದಾ ನಮ್ಮ ಹಿತ್ತಲಿಗೆ ನಡೆಯುತ್ತಾರೆ. ಹೋದ ಭಾನುವಾರವೂ ಅದೇ ಆಯಿತು. "ಏನಪ್ಪಾ, ಎಲ್ಲಿಗೆ ಬಂತು ನಿನ್ನ ವ್ಯವಸಾಯ?" ಅಂದರು. ನಡು ಬೇಸಿಗೆಯಲ್ಲಿ ಯಾರಾದರೂ ಕೇಳುವ ಪ್ರಶ್ನೆಯೇ ಇದು? "ನಡೀತಾ ಇದೆ ಭಾವ" ಅಂದೆ. ಅಷ್ಟರಲ್ಲಿ ಸಿಹಿಗುಂಬಳದ ಬಳ್ಳಿಯಲ್ಲಿ ನಿಂಬೆಹಣ್ಣಿನ ಗಾತ್ರದ ಹೀಚು ಅವರ ಕಣ್ಣಿಗೆ ಬಿತ್ತು. "ಅರೆ, ಇಲ್ನೋಡು, ಕಾಯಿ!" ಅಂತ ತೋರುಬೆರಳು ಚಾಚಿಯೇಬಿಟ್ಟರು.

ಅಡುಗೆಮನೆ ಕಿಟಕಿಯಲ್ಲಿ ಅಮ್ಮ ನಿಂತಿದ್ದಳು. ಏನೂ ಮಾತಾಡಲಿಲ್ಲ. ಅಳಿಯಂದಿರ ಸಾಲಿನವರು, ಏನು ತಾನೇ ಹೇಳುತ್ತಾಳೆ?

ಬುಧವಾರ ಹೀಚು ಹಳದಿಯಾಯಿತು. ಗುರುವಾರ ಬಿತ್ತು. "ನಾನು ಅವತ್ತೇ ಅಂದ್ಕೊಂಡೆ" ಅಂದಳು ಅಮ್ಮ.

ಬೆರಳಿನ ಈ ಕಾನೂನು ನನಗೆ ಹೊಸದಲ್ಲ. ಅಜ್ಜಿಯ ಕಾಲದಲ್ಲಿ ಇನ್ನೂ ಬಿಗಿಯಾಗಿತ್ತು. ಕುಂಬಳ, ಪಡವಲ, ಸೋರೆ, ಯಾವುದರ ಹೀಚಿಗೂ ಬೆರಳು ಚಾಚುವಂತಿರಲಿಲ್ಲ. ತೋರಿಸಲೇಬೇಕು ಅಂದರೆ ಬೆರಳು ಮಡಿಸಿ ಗೆಣ್ಣಿನಿಂದ ತೋರಿಸಬೇಕು. ಅಪ್ಪಿತಪ್ಪಿ ಬೆರಳು ಚಾಚಿದವರು ಅಲ್ಲೇ ಬೆರಳು ಕಚ್ಚಿಕೊಳ್ಳಬೇಕು. ಸುಮ್ನೆ ಬಾಯಿಗೆ ತಾಗಿಸಿದರೆ ಆಗದು, ಹಲ್ಲಿನ ಗುರುತು ಮೂಡಬೇಕು. ಅಜ್ಜಿ ಪಕ್ಕದಲ್ಲಿ ನಿಂತು ಪರೀಕ್ಷೆ ಮಾಡುತ್ತಿದ್ದಳು. ಬೇಸಿಗೆ ರಜೆಗೆ ಸೇರುತ್ತಿದ್ದ ಮಕ್ಕಳೆಲ್ಲ ಹಿತ್ತಲಲ್ಲಿ ಸಾಲಾಗಿ ನಿಂತು ಬೆರಳು ಕಚ್ಚಿಕೊಳ್ಳುವುದು ನಮ್ಮಲ್ಲಿ ಮಾಮೂಲು. ಚಿಕ್ಕಪ್ಪನ ಮಗನೊಬ್ಬ ಇದನ್ನೇ ವ್ಯಾಪಾರ ಮಾಡಿಕೊಂಡಿದ್ದ. "ಹುರಿಗಾಳು ಕೊಡ್ತೀಯೋ, ನಿಮ್ಮಮ್ಮ ಹಾಕಿದ ಬಳ್ಳಿಗೆ ಬೆರಳು ತೋರಿಸ್ಲೋ?" ಅಂತ ಹೆದರಿಸುತ್ತಿದ್ದ. ನಾವು ಕೊಡುತ್ತಿದ್ದೆವು. ಜೇಬು ತುಂಬ ಹುರಿಗಾಳು ತುಂಬಿಕೊಂಡು ಓಡಾಡುತ್ತಿದ್ದ ಆ ಹುಡುಗ ಈಗ ಆಡಿಟರ್. ಅವನ ಮುಖ ಕಂಡರೆ ಇವತ್ತಿಗೂ ನನ್ನ ಕೈ ತಾನಾಗಿ ಜೇಬಿಗೆ ಹೋಗುತ್ತದೆ.

ಇರಲಿ, ಕುಂಬಳದ ವಿಷಯಕ್ಕೆ ಬರೋಣ. ಷಡ್ಡಕರ ಪರವಾಗಿ ವಾದ ಮಾಡಬೇಕು ಅಂತ ನನಗೆ ಆಸೆಯೇನಿಲ್ಲ, ಆದರೂ ನ್ಯಾಯ ನ್ಯಾಯವೇ. ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಹೂವು ಅರಳುವ ಮೊದಲೇ ಪುಟ್ಟ ಕಾಯಿ ಇರುತ್ತದೆ. ನೋಡಿದವರು ಕಾಯಿ ಬಿಟ್ಟಿತು ಅಂತ ಹಿಗ್ಗುತ್ತಾರೆ. ಬಿಟ್ಟಿರುವುದಿಲ್ಲ. ಹೂವು ಅರಳುವುದು ಒಂದೇ ಒಂದು ಬೆಳಗ್ಗೆ, ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಅಷ್ಟರೊಳಗೆ ಜೇನು ಬಂದು ಗಂಡು ಹೂವಿನ ಪುಡಿ ತಂದು ಹಾಕಿದರೆ ಕಾಯಿ ಕಚ್ಚಿತು, ಇಲ್ಲದಿದ್ದರೆ ಹೀಚು ಹಳದಿಯಾಗಿ ಉದುರಿತು. ಅದರ ಮೇಲೆ ಬಿಸಿಲು ಜಾಸ್ತಿಯಾದಷ್ಟೂ ಬಳ್ಳಿ ತುಂಬ ಗಂಡು ಹೂವುಗಳೇ. ನಮ್ಮ ಬಡಾವಣೆಯಲ್ಲಿ ಜೇನು ಎಲ್ಲಿವೆ? ಹಿಂದಿನ ಬೀದಿಯ ಸಜ್ಜೆಯಲ್ಲಿ ಇದ್ದ ಒಂದು ಗೂಡನ್ನೂ ಹೊಗೆ ಹಾಕಿ ಓಡಿಸಿದರು.

ಇದೆಲ್ಲ ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ಸರಿ. ಆದರೆ ಬೆರಳು ಯಾಕೆ ತೋರಿಸಬೇಕಿತ್ತು?" ಅಂದಳು.

ಈಗ ಬೆಳಗ್ಗೆ ಆರಕ್ಕೆಲ್ಲ ಎದ್ದು ಜೇನಿನ ಕೆಲಸ ನಾನೇ ಮಾಡುತ್ತಿದ್ದೇನೆ. ಗಂಡು ಹೂವನ್ನು ತೊಟ್ಟಿನ ಸಮೇತ ಕಿತ್ತು, ಎಸಳು ಬಿಡಿಸಿ, ನಡುವಿನ ಕಡ್ಡಿಯನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರಬೇಕು. ಬೆರಳ ತುದಿಗೆ ಅರಿಶಿನದಂಥ ಪುಡಿ ಅಂಟುತ್ತದೆ. ಲುಂಗಿ ಎತ್ತಿ ಕಟ್ಟಿ ಕೂತು ಇದನ್ನು ಮಾಡುವಾಗ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ಸಾರ್, ಮುಹೂರ್ತ ಎಷ್ಟೊತ್ತಿಗೆ?" ಅನ್ನುತ್ತಾರೆ. ದಿನಾ ಅದೇ ಮಾತು, ದಿನಾ ಅವರೇ ನಗುತ್ತಾರೆ. ಆಮೇಲೆ ಸಲಹೆ. ಹುಳಿಮಜ್ಜಿಗೆ ಹಾಕಿ ಸಾರ್. ಇಂಗಿನ ನೀರು ಹಾಕಿ ಸಾರ್. ಕರಿಬೇವಿಗೆ ಮಜ್ಜಿಗೆ ಅಂದರೆ ಒಪ್ಪೋಣ. ಇವರು ಎಲ್ಲದಕ್ಕೂ ಮಜ್ಜಿಗೆ ಅನ್ನುತ್ತಾರೆ, ಮೆಣಸಿನ ಗಿಡದ ಎಲೆ ಮುಟುರಿಕೊಂಡಿದ್ದಕ್ಕೂ ಮಜ್ಜಿಗೆ. ಅವರ ಮಾತು ಕೇಳಿದ್ದರೆ ನಮ್ಮ ಮನೆಯಲ್ಲಿ ಊಟದ ಕೊನೆಗೆ ಬರೀ ಅನ್ನ ಇರುತ್ತಿತ್ತು. ಹೋಗುವಾಗ ಒಂದು ಹಿಡಿ ಕರಿಬೇವು ಬೇಕು ಅನ್ನುತ್ತಾರೆ. ಮಜ್ಜಿಗೆ ಮಾತ್ರ ಒಂದು ಲೋಟವೂ ಅವರ ಮನೆಯಿಂದ ಬಂದದ್ದಿಲ್ಲ.

ಹೊಸದಾಗಿ ಕಚ್ಚಿದ ಒಂದು ಕಾಯಿಗೆ ಅಮ್ಮ ಹಳೇ ಪಂಚೆಯ ತುಂಡು ಸುತ್ತಿದ್ದಾಳೆ, ದೃಷ್ಟಿಗೆ. ನಾನು ಬೇಡ ಅನ್ನಲಿಲ್ಲ. ಹಣ್ಣು ನೊಣಕ್ಕೂ ಅದೇ ಮದ್ದು. ಆ ನೊಣ ಎಳೆ ಕಾಯಿಯ ಸಿಪ್ಪೆಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಚುಚ್ಚಿದ ಜಾಗದಲ್ಲಿ ಅಂಟಿನ ಒಂದು ಹನಿ ನಿಲ್ಲುತ್ತದೆ, ಒಳಗೆ ಬಿಳಿ ಹುಳು, ಆಮೇಲೆ ಕೊಳೆ. ನೋಡಿದರೆ ಯಾರೋ ಬೆರಳಿನಿಂದ ತಿವಿದ ಹಾಗೇ ಇರುತ್ತದೆ. ಹೀಗಾಗಿ ಪಂಚೆಯ ತುಂಡು ನೊಣಕ್ಕೆ ಅಂತ ನಾನು, ಷಡ್ಡಕರಿಗೆ ಅಂತ ಅಮ್ಮ. ಗಂಟು ಒಂದೇ.

ಉಳಿದ ಹಿತ್ತಲ ಸಮಾಚಾರ ಹೇಳಬೇಕು ಅಂತಲೇ ಇದನ್ನು ಶುರು ಮಾಡಿದ್ದು. ಹೆಚ್ಚೇನಿಲ್ಲ. ಹಗಲಿನ ಬಿಸಿಲು 35 ಡಿಗ್ರಿ ದಾಟಿದ ಮೇಲೆ ಟೊಮೆಟೊ ಹೂ ಬಿಡುತ್ತದೆ, ಉದುರಿಸುತ್ತದೆ, ಕಾಯಿ ಕಚ್ಚುವುದಿಲ್ಲ. ಬೆಂಡೆಗೆ ಈ ಬಿಸಿಲೆಲ್ಲ ಲೆಕ್ಕಕ್ಕೇ ಇಲ್ಲ. ಎರಡು ದಿನ ಕೀಳದೆ ಬಿಟ್ಟರೆ ಬಲಿತು ಕಟ್ಟಿಗೆಯಾಗುತ್ತದೆ, ಅಷ್ಟೇ ಅದರ ತಕರಾರು. ತೊಂಡೆ, ಬಸಳೆ ಅಕ್ಕಿ ತೊಳೆದ ನೀರಿನಲ್ಲೇ ಬದುಕಿವೆ. ಸೀಬೆ ನಮ್ಮದು, ಹಣ್ಣು ಅಳಿಲಿನದು. ಪಡವಲದ ತುದಿಗೆ ನೇರ ಬೆಳೆಯಲಿ ಅಂತ ಕಲ್ಲು ಕಟ್ಟಿದ್ದೆ. ಕಾಯಿ ನೆಟ್ಟಗೇನೋ ಬಂತು, ಪಕ್ಕದ ರಸ್ತೆಯ ಹುಡುಗರು ಕಲ್ಲಿನ ಸಮೇತ ಒಯ್ದರು. ನರ್ಸರಿಯವನು ನಂಜನಗೂಡು ರಸಬಾಳೆ ಅಂತ ಪ್ರಮಾಣ ಮಾಡಿ ಕೊಟ್ಟ ಕಂದು ಎದೆಮಟ್ಟ ಬೆಳೆದಿದೆ. ಅದು ಯಾವ ಬಾಳೆಯೋ ಗೊನೆ ಬಂದ ಮೇಲೇ ಗೊತ್ತಾಗಬೇಕು. ಪನಾಮ ರೋಗ ಬಂದು ಅಸಲು ರಸಬಾಳೆಗೆ ನಂಜನಗೂಡಿನಲ್ಲೇ ಬರ ಬಂದಿರುವಾಗ ಇವನ ಬಳಿ ಬುಟ್ಟಿ ತುಂಬ ಕಂದು ಇದ್ದವು ಅನ್ನುವುದೊಂದೇ ಅನುಮಾನ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಈ ಸಲ ಭರಣಿ ನಮ್ಮ ಕಡೆ ಬರೀ ಗುಡುಗಿ ಹೋಯಿತು. ಕೃತ್ತಿಕೆ ಶುರುವಾಗಿದೆ, ನೋಡೋಣ.

ಹೀರೆ ಬಳ್ಳಿಯೊಂದು ಬಾಕಿ. ಅದೂ ಹೂ ಬಿಟ್ಟಿದೆ, ಅದರಲ್ಲೂ ಗಂಡು ಹೆಣ್ಣು ಬೇರೆ ಬೇರೆ. ಆದರೆ ಹೀರೆ ಅರಳುವುದು ಸಂಜೆ. ಸರಿಯಾಗಿ ಸೊಳ್ಳೆ ಏಳುವ ಹೊತ್ತಿಗೆ. ಬೆಳಗ್ಗೆ ಒಂದು ಪಾಳಿ ಮುಗಿಸಿದವನು ಸಂಜೆ ಮತ್ತೆ ಲುಂಗಿ ಎತ್ತಿ ಕಟ್ಟಿ ಕೂರಲಾರೆ. ರಾತ್ರಿ ಹಾರುವ ಪತಂಗಗಳು ಬಂದು ಮಾಡಿಕೊಂಡರೆ ಮಾಡಿಕೊಳ್ಳಲಿ. ಇಲ್ಲದಿದ್ದರೆ ದೇವರಾಜ ಮಾರುಕಟ್ಟೆಯಲ್ಲಿ ಹೀರೆಕಾಯಿ ಸಿಗುತ್ತದೆ, ಬೆರಳು ತೋರಿಸಿಯೇ ತೂಗಿಸಿಕೊಂಡು ಬರುತ್ತೇನೆ.