ಮುಂಬೈಗೆ ಒಬ್ಬಳೇ, ಮಂಡಕ್ಕಿ ಚೀಲದ ಜೊತೆ

ದಾವಣಗೆರೆಯಲ್ಲಿ ನನ್ನ ವಯಸ್ಸಿನ ಹೆಂಗಸು ಒಬ್ಬಳೇ ರೈಲು ಹತ್ತುತ್ತಾಳೆ ಅಂದರೆ ಜನ ಒಪ್ಪುವ ಕಾರಣಗಳು ಬಹಳ ಇಲ್ಲ. ಮಗಳ ಬಾಣಂತನ, ತಮ್ಮನ ಮನೆ ಗೃಹಪ್ರವೇಶ, ಯಾರದೋ ಸಾವು. "ಸುಮ್ನೆ ಊರು ನೋಡೋಕೆ" ಅನ್ನೋದು ಈ ಪಟ್ಟಿಯಲ್ಲಿ ಬರಲ್ಲ. ಹಾಗಾಗಿ ನಾನು ಮುಂಬೈಗೆ ಹೊರಟ ಸುದ್ದಿ ಹಬ್ಬಿದ ಕೂಡಲೇ ಬೀದಿಯಲ್ಲಿ ಹುಟ್ಟಿದ ಮೊದಲ ಪ್ರಶ್ನೆ, "ಮನೇಲಿ ಏನಾದ್ರೂ ಜಗಳಾನಾ?" ಕೇಳಿದ್ದು ನನ್ನನ್ನಲ್ಲ, ನಮ್ಮ ಮನೆಯವರನ್ನ. ಅವರು "ಹಂಗೇನಿಲ್ಲ" ಅಂತ ತಲೆ ತಗ್ಗಿಸಿ ಹೇಳಿದ ರೀತಿಗೆ, ಅನುಮಾನ ಇಲ್ಲದವರಿಗೂ ಅನುಮಾನ ಬಂತು.

ಅತ್ತೆ ಮಾತ್ರ ಬೇಗ ಒಪ್ಪಿಬಿಟ್ಟರು. ಯಾಕೆ ಅಂತ ಹೊರಡುವ ದಿನ ತಿಳಿಯಿತು. ಅವರ ಚಿಕ್ಕಪ್ಪನ ಮಗಳು ಡೊಂಬಿವಿಲಿಯಲ್ಲಿದ್ದಾರೆ. ಅವರಿಗೆ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಜೊತೆಗೆ ಭಟ್ಟಿಯಿಂದಲೇ ತರಿಸಿದ ದೊಡ್ಡ ಚೀಲ ಮಂಡಕ್ಕಿ. "ಅಲ್ಲೇ ಪಕ್ಕ, ಕೊಟ್ಟು ಬಾರವ್ವ." ಮಂಡಕ್ಕಿಗೆ ತೂಕ ಇಲ್ಲ, ನಿಜ. ಆದರೆ ಜಾಗ ಬೇಕಲ್ವಾ? ನನ್ನ ಬರ್ತಿನ ಅರ್ಧ ಅದಕ್ಕೇ ಹೋಯಿತು. ಆ "ಅಲ್ಲೇ ಪಕ್ಕ" ಮುಂಬೈನ ದೊಡ್ಡ ರೈಲು ನಿಲ್ದಾಣ ಸಿಎಸ್‌ಎಂಟಿಯಿಂದ ಸುಮಾರು 48 ಕಿಲೋಮೀಟರ್ ಇದೆ. ನಮ್ಮೂರಿಂದ ಹರಿಹರಕ್ಕೆ ಹೋಗಿ, ವಾಪಸ್ ಬಂದು, ಮತ್ತೆ ಹೋದರೂ ಅಷ್ಟಾಗಲ್ಲ.

ಎದುರುಮನೆ ಅಂಕಲ್ ಬಹಳ ವರ್ಷ ಬಾಂಬೆಯಲ್ಲಿದ್ದವರು. ಎಲ್ಲಿ ಹತ್ತಬೇಕು, ಎಲ್ಲಿ ಇಳೀಬೇಕು ಅಂತ ಒಂದು ಹಾಳೆಯ ತುಂಬ ಬರೆದು ಕೊಟ್ಟರು. ವಿ.ಟಿ., ಎಲ್ಫಿನ್‌ಸ್ಟನ್ ರೋಡ್, ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ವಿ.ಟಿ., ಅಂದರೆ ವಿಕ್ಟೋರಿಯಾ ಟರ್ಮಿನಸ್ ಸ್ಟೇಷನ್, 1996ರಲ್ಲಿ ಸಿಎಸ್‌ಟಿ, ಅಂದರೆ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು. 2017ರಲ್ಲಿ ನಡುವೆ 'ಮಹಾರಾಜ್' ಸೇರಿ ಸಿಎಸ್‌ಎಂಟಿ ಆಯಿತು. ಎಲ್ಫಿನ್‌ಸ್ಟನ್ ರೋಡ್ 2018ರಿಂದ ಪ್ರಭಾದೇವಿ. ಮ್ಯೂಸಿಯಮ್ಮಿಗೂ ಈಗ ಶಿವಾಜಿ ಮಹಾರಾಜರದ್ದೇ ಹೆಸರು. ವಯಸ್ಸಾದ ಟ್ಯಾಕ್ಸಿ ಡ್ರೈವರುಗಳು ಆ ಹಾಳೆಯನ್ನು ಪಟಪಟನೆ ಓದಿ ಬಿಡುತ್ತಿದ್ದರು. ಕಾಲೇಜು ಹುಡುಗಿಯೊಬ್ಬಳಿಗೆ ತೋರಿಸಿದರೆ ಅದರ ಫೋಟೋ ತೆಗೆದುಕೊಂಡು ಹೋದಳು.

ಒಬ್ಬರೇ ಹೋದವರು ಮೊದಲು ನೋಡಬೇಕಾದ್ದು ಆ ವಿ.ಟಿ.ಯನ್ನೇ ಅಂತ ನನ್ನ ಮತ. 1878ರಲ್ಲಿ ಶುರು ಮಾಡಿ ಹತ್ತು ವರ್ಷ ಕಟ್ಟಿದ ಕಟ್ಟಡ. ಗುಮ್ಮಟ, ಕಮಾನು, ಕಲ್ಲಲ್ಲಿ ಕೆತ್ತಿದ ಪ್ರಾಣಿಗಳು. ಆದರೆ ಒಳಗೆ ನಿಂತು ತಲೆ ಎತ್ತಿ ನೋಡೋಕೆ ಹೋಗಬೇಡಿ. ಆಫೀಸಿಗೆ ಓಡುವ ಜನ ನಿಮ್ಮನ್ನು ಎಳೆದುಕೊಂಡು ಹೋಗಿ ಟ್ಯಾಕ್ಸಿ ಸ್ಟ್ಯಾಂಡಿಗೆ ಬಿಡುತ್ತಾರೆ. ರಸ್ತೆ ದಾಟಿ, ಎದುರಿನ ಪಾಲಿಕೆ ಕಟ್ಟಡದ ಮಗ್ಗುಲಲ್ಲಿ ನಿಂತರೆ ಪೂರ್ತಿ ಕಾಣುತ್ತದೆ. ಯಾರೂ ದಬ್ಬಲ್ಲ.

ಗೇಟ್‌ವೇ ಆಫ್ ಇಂಡಿಯಾದಲ್ಲಿ ಒಂಟಿ ಪ್ರವಾಸದ ನಿಜವಾದ ಕಷ್ಟ ಎದುರಾಯಿತು. ಫೋಟೋ ತೆಗೆಯೋರು ಯಾರು? ಅಲ್ಲಿ ಕ್ಯಾಮೆರಾ ನೇತುಹಾಕಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ನಿಂತಲ್ಲೇ ಪ್ರಿಂಟ್ ಕೈಗಿಡುತ್ತಾರೆ. ಆದರೆ ಎಲ್ಲರದೂ ಒಂದೇ ಪ್ರಶ್ನೆ, "ಫ್ಯಾಮಿಲಿ ಎಲ್ಲಿ ಮೇಡಂ? ಬರಲಿ, ಕಾಯ್ತೀನಿ." ಅವರಲ್ಲೊಬ್ಬ ನಿಜವಾಗಲೂ ಕಾದ. ಅವನಿಂದ ತಪ್ಪಿಸಿಕೊಂಡು ಒಬ್ಬ ಹುಡುಗನ ಕೈಗೆ ಮೊಬೈಲು ಕೊಟ್ಟೆ. ಅವನು ಒತ್ತುವ ಹೊತ್ತಿಗೆ ಹಿಂದಿನಿಂದ ಯಾರೋ ತನ್ನ ಮಗುವನ್ನು ಹಿಡಿಯಲು ಕೈ ಚಾಚಿದ. ಫೋಟೋದಲ್ಲಿ ಗೇಟ್‌ವೇ ಇರಲಿಲ್ಲ, ಮಗುವೂ ಇರಲಿಲ್ಲ. ನಾನಿದ್ದೆ, ಹಸಿರು ಶರ್ಟಿನ ಗಂಡಸಿದ್ದ, ಅವನ ಕೈ ನನ್ನ ಹೆಗಲ ಮೇಲೆಯೇ ಇದ್ದಂತಿತ್ತು.

ಅದನ್ನು ಸರಿಯಾಗಿ ನೋಡುವ ಮೊದಲೇ ಮನೆಯ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಮೊದಲು ಅತ್ತೆಯ ದನಿ ಬಂತು: "ಆ ಹಸಿರಂಗಿಯವ ಯಾರು?" ಆಮೇಲೆ ನಾದಿನಿ, "ಅತ್ತಿಗೆ, ಆರಾಮಿದೀರಾ?" ಅಂತ ಅಳುಮುಖದ ಚಿತ್ರ ಹಾಕಿದಳು. ಎದುರುಮನೆ ಅಂಕಲ್ ಆ ಗುಂಪಿನಲ್ಲೇ ಇಲ್ಲ, ಆದರೂ ಫೋನ್ ಮಾಡಿ "ಬಾಂಬೇಲಿ ಹಿಂಗೆ ಪರಿಚಯ ಮಾಡ್ಕೊಂಡು ಪರ್ಸ್ ಹೊಡೀತಾರಮ್ಮ" ಅಂದರು. ನಮ್ಮ ಮನೆಯವರು ಹೆಬ್ಬೆರಳು ಎತ್ತಿದ ಚಿಹ್ನೆ ಕಳಿಸಿ ಸುಮ್ಮನಾದರು. ಅದರ ಅರ್ಥ ಇವತ್ತಿಗೂ ನನಗೆ ಬಗೆಹರಿದಿಲ್ಲ.

ಸಮಾಧಾನಕ್ಕೆ ಒಂದು ಮಾತು. 1911ರಲ್ಲಿ ಐದನೇ ಜಾರ್ಜ್ ದೊರೆ ಬಂದಾಗ ಅವನ ನೆನಪಿಗೆ ಅಂತ ಈ ಗೇಟ್‌ವೇ ಕಟ್ಟಿಸಿದರಲ್ಲ, ಅದು ಮುಗಿದಿದ್ದು 1924ಕ್ಕೆ. ದೊರೆಗೆ ಕಂಡಿದ್ದು ಬರೀ ರಟ್ಟಿನ ಮಾದರಿಯಂತೆ. ಅಷ್ಟು ದೊಡ್ಡವನಿಗೂ ಅಲ್ಲಿ ಸರಿಯಾದ ಫೋಟೋ ಸಿಕ್ಕಿರಲಿಕ್ಕಿಲ್ಲ.

ಎಲಿಫೆಂಟಾಕ್ಕೆ ದೋಣಿ ಅಲ್ಲಿಂದಲೇ ಹೊರಡುತ್ತದೆ. ಹೆಚ್ಚುಕಡಿಮೆ ಒಂದು ಗಂಟೆ ದಾರಿ. ಸೋಮವಾರ ಗುಹೆಗಳಿಗೆ ರಜೆ. ಅಂಕಲ್ಲಿನ ಹಾಳೆಯಲ್ಲಿ ಇದು ಇರಲಿಲ್ಲ, ಆದರೆ ದೋಣಿಕಟ್ಟೆಯ ಕಡಲೆಕಾಯಿ ಮಾರುವವನು ಕರೆದು ಹೇಳಿದ. ನಮ್ಮ ಪುಲಕೇಶಿ ಸಮುದ್ರದ ಮೇಲೆ ನೂರಾರು ಹಡಗು ಕಟ್ಟಿಕೊಂಡು ಹೋಗಿ 'ಪುರಿ'ಗೆ ಮುತ್ತಿಗೆ ಹಾಕಿದ ಅಂತ ಕ್ರಿ.ಶ. 634ರ ಐಹೊಳೆ ಶಾಸನದಲ್ಲಿದೆ. ಆ ಪುರಿ ಅಂದರೆ ಇದೇ ಘಾರಾಪುರಿ, ಅಂದರೆ ಎಲಿಫೆಂಟಾ ಅಂತ ಕೆಲವು ಪಂಡಿತರ ವಾದ. ಅದು ನಿಜವಾದರೆ ಕನ್ನಡದವರು ಅಲ್ಲಿಗೆ ಒಬ್ಬೊಬ್ಬರೇ ಹೋಗುವ ಪದ್ಧತಿ ಮೊದಲಿಂದಲೂ ಇಲ್ಲ.

ದೋಣಿ ಇಳಿದ ಮೇಲೆ ಸುಮಾರು 120 ಮೆಟ್ಟಿಲು. ಎರಡೂ ಕಡೆ ಅಂಗಡಿ, ನಡುವೆ ಮಂಗಗಳು. ಹಸಿವಿಗೆ ಇರಲಿ ಅಂತ ನಮ್ಮೂರ ಖಾರದ ನರ್ಗೀಸ್ ಮಂಡಕ್ಕಿಯ ಒಂದು ಪೊಟ್ಟಣ ಕೈಚೀಲದಲ್ಲಿಟ್ಟಿದ್ದೆ. ಒಂದು ಮಂಗ ಅದನ್ನು ಕಿತ್ತುಕೊಂಡು ಮರದ ಕೊಂಬೆ ಹತ್ತಿತು. ಹಿಡಿ ತುಂಬ ಬಾಯಿಗೆ ಹಾಕಿತು. ಸ್ವಲ್ಪ ಹೊತ್ತು ಅಲುಗಾಡಲಿಲ್ಲ. ಆಮೇಲೆ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ದಾವಣಗೆರೆ ಖಾರದ ಬಗ್ಗೆ ಅಷ್ಟು ನೇರ ಅಭಿಪ್ರಾಯ ನಾನು ಎಲ್ಲೂ ಕೇಳಿಲ್ಲ. ಪೊಟ್ಟಣ ವಾಪಸ್ ನನ್ನ ತಲೆಯ ಮೇಲೇ ಬಿತ್ತು.

ಗುಹೆಯ ಒಳಗೆ ಮಾತ್ರ ನಗು ನಿಂತಿತು. ಮೂರು ಮುಖದ ಸದಾಶಿವ, ಮೂರಾಳಿಗಿಂತ ಎತ್ತರ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಜೊತೆಗೆ ಯಾರಾದರೂ ಇದ್ದಿದ್ದರೆ ಅಷ್ಟರಲ್ಲಿ "ಆಯ್ತಾ? ನಡೀರಿ, ದೋಣಿ ಹೋಗುತ್ತೆ" ಅಂತಿದ್ದರು. ಒಬ್ಬಳೇ ಬಂದಿದ್ದಕ್ಕೆ ಲಾಭ ಅಂತ ಆದದ್ದು ಅಲ್ಲೇ. ಕಂಬಕ್ಕೆ ಒರಗಿ ಬೇಕಾದಷ್ಟು ಹೊತ್ತು ಕೂತೆ.

ಹಾಜಿ ಅಲಿ ದರ್ಗಾ ಇರುವುದು ಸಮುದ್ರದೊಳಗೆ. ಅಲ್ಲಿಗೆ ಹೋಗುವ ದಾರಿ ಉಬ್ಬರ ಬಂದಾಗ ನೀರಲ್ಲಿ ಮುಳುಗುತ್ತದೆ. ನಾನು ಹೋದಾಗ ದಾರಿಯೇ ಇರಲಿಲ್ಲ. ಜನ ಆರಾಮಾಗಿ ನಿಂತು ಜ್ಯೂಸ್ ಕುಡಿಯುತ್ತಿದ್ದರು. ಉಬ್ಬರ ದಿನಕ್ಕೆ ಎರಡು ಸಲ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ ಅಂತ ಜ್ಯೂಸಿನವನು ವಿವರಿಸಿದ. ನನಗೆ ತಕ್ಷಣ ಅರ್ಥವಾಯಿತು. ನಮ್ಮ ಓಣಿಯ ನಲ್ಲಿ ನೀರೂ ಹೀಗೇ ಅಲ್ವಾ? ವ್ಯತ್ಯಾಸ ಇಷ್ಟೇ, ಸಮುದ್ರದ್ದು ವೇಳಾಪಟ್ಟಿ ಇದೆ.

ಮರೀನ್ ಡ್ರೈವ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಸಂಜೆ ಹೋಗಿ, ಕಟ್ಟೆ ಮೇಲೆ ಕೂರಿ. ಒಬ್ಬರೇ ಯಾಕೆ ಬಂದಿರಿ ಅಂತ ಅಲ್ಲಿ ಯಾರೂ ಕೇಳಲ್ಲ. ಕೂತವರಲ್ಲಿ ಅರ್ಧ ಜನ ಒಬ್ಬೊಬ್ಬರೇ. ಚೌಪಾಟಿಯ ಭೇಲ್ ತಿಂದೆ. ಅದರಲ್ಲಿನ ಮಂಡಕ್ಕಿ ನಮ್ಮದರ ಮುಂದೆ ಏನೂ ಅಲ್ಲ. ಇದನ್ನು ಪಕ್ಷಪಾತ ಅನ್ನುವವರು ಒಮ್ಮೆ ನಮ್ಮೂರ ಭಟ್ಟಿಗಳ ಕಡೆ ಬಂದು ಹೋಗಲಿ.

ಇಷ್ಟೂ ದಿನ ಅತ್ತೆ ಫೋನಲ್ಲಿ "ಡೊಂಬಿವಿಲಿಗೆ ಹೋದ್ಯಾ?" ಅಂತ ಕೇಳುತ್ತಲೇ ಇದ್ದರು. ಲಾಡ್ಜಿನ ರೂಮಿನಲ್ಲಿ ಮಂಡಕ್ಕಿ ಚೀಲ ಎರಡನೇ ಮಂಚದ ಮೇಲೆ ಮಲಗಿತ್ತು. ಕೊನೆಗೆ ಒಂದು ಬೆಳಿಗ್ಗೆ, "ಹೊಟ್ಟೆ ಸರಿ ಇಲ್ಲ ಅತ್ತೆ, ಗಂಜಿ ಕುಡಿದು ಮಲಗಿದೀನಿ" ಅಂದೆ. ಹಾಗೆ ಅನ್ನುವಾಗ ಮಾಟುಂಗ ಸ್ಟೇಷನ್ನಿನ ಮೆಟ್ಟಿಲು ಇಳಿಯುತ್ತಿದ್ದೆ.

ಮಾಟುಂಗದ ಉಡುಪಿ ಹೋಟೆಲುಗಳಲ್ಲಿ ಒಬ್ಬರಿಗೆ ಒಂದು ಟೇಬಲ್ ಅನ್ನೋದು ಇಲ್ಲ. ಎಲ್ಲಿ ಕುರ್ಚಿ ಖಾಲಿ ಇದೆಯೋ ಅಲ್ಲಿ ಕೂರಿಸುತ್ತಾರೆ. ನನ್ನೆದುರು ಒಬ್ಬ ಹಿರಿಯರು ಕಾಫಿ ಆರಿಸುತ್ತಿದ್ದರು. ಮೊದಲ ದೋಸೆ ಮುಗಿಸಿ, "ಬೆಣ್ಣೆ ಸಾಲದು" ಅಂತ ನನ್ನಷ್ಟಕ್ಕೇ ಗೊಣಗಿ, ಎರಡನೆಯದು ಹೇಳಿದೆ.

"ದಾವಣಗೆರೇನಾ?" ಅಂದರು ಅವರು.

ಹರಿಹರದವರು. ಮಾಟುಂಗದಲ್ಲೇ ಇರುವ ಮೈಸೂರು ಅಸೋಸಿಯೇಷನ್ ಕಡೆ ಹೊರಟಿದ್ದರಂತೆ. ದಾವಣಗೆರೆಯಲ್ಲಿ ಯಾವ ಕಡೆ, ಯಾರ ಪೈಕಿ, ಮಾವನವರ ಹೆಸರೇನು, ಎಲ್ಲ ಕೇಳಿದರು. ಅವರ ಭಾವ ಪಿ.ಜೆ. ಬಡಾವಣೆಯಲ್ಲಿ. ನಮ್ಮ ಮಾವನವರ ವಾಕಿಂಗ್ ಜೊತೆಗಾರ. ಸಂತೋಷ ತಡೆಯಲಾರದೆ ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿದರು. ನಾನು ಬೇಡ ಅನ್ನುವಷ್ಟರಲ್ಲಿ, "ನಮ್ಮೂರ ಹೆಣ್ಮಗಳು, ಗಟ್ಟಿಯಾಗಿ ದೋಸೆ ತಿಂತಾ ಇದಾಳೆ" ಅಂತ ಹೇಳಿಯೂ ಆಗಿತ್ತು.

ಕಾಫಿ ಬರುವ ಮೊದಲೇ ನನ್ನ ಫೋನ್ ಬಡಿದುಕೊಂಡಿತು.

"ಎರಡು ದೋಸೆ ತಿಂದ್ಯಂತೆ?" ಅತ್ತೆ. "ಗಂಜಿ ಏನಾಯ್ತು?"

ನಾನು ಮಾತಾಡಲಿಲ್ಲ. ಎದುರಿಗಿದ್ದವರು ನನ್ನ ಮುಖ ನೋಡಿ, ವಿಷಯ ಕೇಳಿ, ಎರಡೂ ಬಿಲ್ಲು ತಾವೇ ಕೊಟ್ಟು ಎದ್ದರು. "ಡೊಂಬಿವಿಲಿಗೆ ಸ್ಲೋ ಲೋಕಲ್ ಇಲ್ಲಿಂದಲೇ ಸಿಗುತ್ತಮ್ಮ. ಚೀಲ ತಗೊಂಡು ಬನ್ನಿ, ನಾನೇ ಹತ್ತಿಸ್ತೀನಿ."