ಆಶ್ರಯ ಇಲ್ಲ ಎಂದ ಮೇಲೆ ಮೇಲಿನ ಕೋರ್ಟು ಮತ್ತೆ ತೂಗಿ ನೋಡಬೇಕೇ?

ಪರ: ಸಾಕ್ಷಿ ಮತ್ತೆ ಓದಲೇಬೇಕು
(ಧಾರವಾಡದ ವಕೀಲರೊಬ್ಬರು)

‘ಊರಿಗೆ ವಾಪಸ್ ಕಳಿಸಿದರೆ ನನ್ನನ್ನು ಕೊಲ್ಲುತ್ತಾರೆ’ ಅಂತ ಆಶ್ರಯ ಕೇಳಿ ಬಂದ ಒಬ್ಬ ಹೇಳುತ್ತಾನೆ. ಅಮೆರಿಕದ ವಲಸೆ ನ್ಯಾಯಾಧೀಶರು ನಂಬುವುದಿಲ್ಲ. ಅಲ್ಲಿಂದ ವಲಸೆ ಮೇಲ್ಮನವಿ ಮಂಡಳಿ. ಅಲ್ಲೂ ಸೋತರೆ 30 ದಿನದೊಳಗೆ ಫೆಡರಲ್ ಮೇಲ್ಮನವಿ ಕೋರ್ಟಿಗೆ ಹೋಗಬಹುದು. ಹೋಗಿ ಏನು ಸಿಗುತ್ತದೆ? ಕೆಳಗಿನವರು ತಪ್ಪಿದ್ದಾರೆ ಅಂತ ಮೇಲಿನವರಿಗೆ ಅನ್ನಿಸಿದರೂ ಸಾಲದು. ತಿಳಿವಳಿಕೆ ಇದ್ದ ಯಾರೇ ಕೂತಿದ್ದರೂ ಉಲ್ಟಾ ತೀರ್ಮಾನವನ್ನೇ ಕೊಡಬೇಕಿತ್ತು ಎನ್ನುವಷ್ಟು ಸ್ಪಷ್ಟವಾಗಿರಬೇಕು.

ಮೊದಲ ಎರಡು ಮೆಟ್ಟಿಲಲ್ಲಿ ಕೂತವರು ಅಟಾರ್ನಿ ಜನರಲ್, ಅಂದರೆ ಅಲ್ಲಿನ ಸರ್ಕಾರದ ನ್ಯಾಯ ಇಲಾಖೆಯ ಮುಖ್ಯಸ್ಥರ ಕೈಕೆಳಗಿನ ನೌಕರರು. ಗಡೀಪಾರು ಮಾಡಿ ಅಂತ ವಾದಿಸುವವರೂ ಸರ್ಕಾರದವರೇ. ಸ್ವತಂತ್ರ ಕೋರ್ಟು ಸಿಗುವುದೇ ಮೂರನೇ ಮೆಟ್ಟಿಲಲ್ಲಿ. ಅದರ ಕೈಯನ್ನೇ ಕಟ್ಟಿದರೆ ಹೇಗೆ?

ಅಮೆರಿಕದಲ್ಲಿ 2005ರ ರಿಯಲ್ ಐಡಿ ಕಾಯ್ದೆ ಬಂದ ಮೇಲಂತೂ, ಮೂಲ ವಿಷಯಕ್ಕೆ ಸಂಬಂಧವೇ ಇಲ್ಲದ ಸಣ್ಣ ವ್ಯತ್ಯಾಸ ಹಿಡಿದೂ ‘ಇವನ ಮಾತು ನಂಬಲಾಗದು’ ಎನ್ನಬಹುದು. ಇದನ್ನು ಓದಿದಾಗ ನನಗೆ ನಮ್ಮ ಆಯಿ ನೆನಪಾದಳು.

ನಾಲ್ಕು ಎಕರೆ ಎರಿ ಹೊಲದ ದಾವೆ. ತಾಲೂಕಿನ ಕೋರ್ಟಿನಲ್ಲಿ ಆಯಿ ತಲೆ ಮೇಲೆ ಸೆರಗು ಹೊತ್ತು, ಕಟಕಟೆಯ ಕಟ್ಟಿಗೆ ಗಟ್ಟಿಯಾಗಿ ಹಿಡಿದು ನಿಂತಿದ್ದಳು. ಹೊಲ ಯಾವಾಗ ಬಿಡಿಸಿದರು ಅಂದರೆ ‘ಸೀಗಿ ಹುಣ್ಣಿಮಿ ಆದ ಮ್ಯಾಲ’ ಅಂದಳು. ಪಾಟಿ ಸವಾಲಿನಲ್ಲಿ ‘ದೀಪಾವಳಿ ಹತ್ರ ಬಂದಿತ್ತು’ ಅಂದಳು. ಅವಳಿಗೆ ಎರಡೂ ಒಂದೇ ಹೊತ್ತು. ಟೈಪಾದ ಕಾಗದದಲ್ಲಿ ಒಂದು ಕಡೆ ಅಕ್ಟೋಬರ್, ಇನ್ನೊಂದು ಕಡೆ ನವೆಂಬರ್ ಆಯಿತು. ಸಾಕ್ಷಿ ನಂಬಲರ್ಹವಲ್ಲ ಅಂತ ತೀರ್ಪು ಬಂತು. ಆ ರಾತ್ರಿ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ‘ನಾ ಸುಳ್ಳ ಹೇಳೇನೇನೋ ತಮ್ಮಾ?’ ಅಂತ ಆಯಿ ನನ್ನನ್ನೇ ಕೇಳಿದಳು.

ಜಿಲ್ಲಾ ಕೋರ್ಟಿನಲ್ಲಿ ಮೊದಲ ಅಪೀಲು. ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಂ ಪ್ರಕಾರ ಅಲ್ಲಿ ಸಾಕ್ಷಿಯನ್ನೂ ಮತ್ತೆ ತೂಗಿ ನೋಡುತ್ತಾರೆ. ನಮ್ಮ ವಕೀಲರು ಆ ವರ್ಷದ ಪಂಚಾಂಗ ಮುಂದಿಟ್ಟರು. ಹುಣ್ಣಿಮೆಗೂ ದೀಪಾವಳಿಗೂ ನಡುವೆ ಹದಿನೈದೇ ದಿನ. ಹೊಲ ಉಳಿಯಿತು.

ಹೊಲಕ್ಕೆ ಸಿಕ್ಕಿದ್ದು ಜೀವಕ್ಕೆ ಬೇಡವೇ? ಹೆದರಿಕೊಂಡು, ದುಭಾಷಿ ಮೂಲಕ ಹೇಳಿದ ಮಾತಿನಲ್ಲಿ ತಾರೀಖು ತಪ್ಪುವುದು ಸಹಜ ಅಲ್ವಾ? ಕೇಸು ಜಾಸ್ತಿ, ಟೈಮಿಲ್ಲ ಅನ್ನುತ್ತಾರೆ. ಹಾಗಾದರೆ ನ್ಯಾಯಾಧೀಶರನ್ನು ಹೆಚ್ಚಿಸಲಿ. ಧಾರವಾಡಕ್ಕೆ ಹೈಕೋರ್ಟ್ ಪೀಠ ಬೇಕು ಅಂತ ನಾವು ವರ್ಷಗಟ್ಟಲೆ ಬೀದಿಗಿಳಿದೆವು. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಸುಮ್ನೆ ಕೂತಿದ್ದರೆ ಬರುತ್ತಿತ್ತೇ?

ವಿರೋಧ: ಎಲ್ಲೋ ಒಂದು ಕಡೆ ಮುಗಿಯಬೇಕು
(ಹಾವೇರಿಯ ನಿವೃತ್ತ ಶಿರಸ್ತೇದಾರರೊಬ್ಬರು)

ವಿರೋಧದ ಕಡೆ ಬರೆಯಿರಿ ಅಂದರು, ಒಪ್ಪಿದೆ. ಎಲ್ಲ ಮಾತಿಗೂ ನನ್ನ ಮನಸ್ಸು ಪೂರ್ತಿ ಒಪ್ಪುತ್ತದೆ ಅಂತಲ್ಲ. ಆದರೆ ಸಾಕ್ಷಿಯ ಮುಖ ನೋಡಿದವರು ಕೆಳಗಿನವರು, ಮೇಲಿನವರ ಮುಂದೆ ಬರುವುದು ಬರೀ ಕಾಗದ. ಪ್ರತಿ ಕೋರ್ಟೂ ಮೊದಲಿಂದ ಶುರು ಮಾಡುವುದಾದರೆ ಕೆಳಗಿನ ಕೋರ್ಟು ಯಾಕೆ ಬೇಕು? ನಮ್ಮಲ್ಲೂ ಎರಡನೇ ಅಪೀಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಂ ಪ್ರಕಾರ, ಕಾನೂನಿನ ಮುಖ್ಯ ಪ್ರಶ್ನೆ ಇದ್ದರೆ ಮಾತ್ರ. ಅಮೆರಿಕದಲ್ಲಿ ಫೆಡರಲ್ ಕೋರ್ಟಿಗೆ ಹೋಗುವಷ್ಟರಲ್ಲಿ ಒಂದು ಅಪೀಲು ಮುಗಿದಿರುತ್ತದೆ.

ಇನ್ನೊಂದು ಮಾತು. ಆಶ್ರಯ ಕೊಡುವುದು ಸರ್ಕಾರದ ಕೆಲಸ. ಮುಂಡಗೋಡದಲ್ಲಿ 1966ರಲ್ಲಿ ಟಿಬೆಟಿನವರಿಗೆ ನೆಲೆ ಕೊಟ್ಟಿದ್ದು ಸರ್ಕಾರ, ಯಾವ ಕೋರ್ಟೂ ಅಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಯೇ ಇಲ್ಲ.

ಅಮೆರಿಕದ ವಲಸೆ ಕೋರ್ಟುಗಳಲ್ಲಿ 30 ಲಕ್ಷಕ್ಕೂ ಜಾಸ್ತಿ ಕೇಸು ಬಾಕಿ ಇವೆ. ಬಾಕಿ ಅಂದರೇನು ಅಂತ ನಾನು ನೋಡಿದ್ದೇನೆ. ಒಬ್ಬ ಅಜ್ಜ ಪ್ರತಿ ತಾರೀಖಿಗೂ ನಮ್ಮ ಕೋರ್ಟಿಗೆ ಬರುತ್ತಿದ್ದರು. ವರಾಂಡದ ಬೆಂಚಿನ ತುದಿಯಲ್ಲಿ ಕೂತು, ಮಧ್ಯಾಹ್ನ ಬುತ್ತಿ ಬಿಚ್ಚಿ, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದರು. ‘ಸಾಹೇಬ್ರ, ನಮ್ಮ ನಂಬರ ಬಂತೇನ್ರಿ?’ ಅಂತ ಕೇಳುತ್ತಿದ್ದರು. ಒಂದು ತಾರೀಖಿಗೆ ಅದೇ ಬುತ್ತಿಯ ಗಂಟು ಹಿಡಿದು ಮಗ ಬಂದ. ವಾರಸುದಾರನ ಅರ್ಜಿ ಕೈಗಿಟ್ಟ. ಅವತ್ತೂ ಅವನಿಗೆ ಸಿಕ್ಕಿದ್ದು ಇನ್ನೊಂದು ತಾರೀಖು.