ಸಲಾಲಾದ ಮಂಜು, ನಮ್ಮೂರ ಟ್ಯಾಂಕರ್

ಮೇ ತಿಂಗಳಲ್ಲಿ ಮಸ್ಕತ್ತಿನ ಕಚೇರಿಯಿಂದ ಅಂಕೋಲೆಯ ಮನೆಗೆ ವಿಡಿಯೋ ಕರೆ ಮಾಡಿದ್ದೆ. ಮಾತಿನ ನಡುವೆಯೇ ಆಯಿ "ಟ್ಯಾಂಕರ್ ಬಂತು ತಮ್ಮಾ" ಎಂದು ಕೊಡ ಹಿಡಿದು ಓಡಿದಳು. ಪಕ್ಕದ ಮೇಜಿನ, ದಕ್ಷಿಣ ಒಮಾನಿನ ಸಲಾಲಾ ಊರಿನ ಹುಡುಗ ಕೇಳಿದ: "ನಿಮ್ಮಲ್ಲಿ ನಾಲ್ಕು ತಿಂಗಳು ಮಳೆ ಎಂದು ಕೊಚ್ಚಿಕೊಳ್ಳುತ್ತಿದ್ದೆಯಲ್ಲ?" ಸಿಟ್ಟು ಬಂತು, ಉತ್ತರ ಬರಲಿಲ್ಲ.

ನಮಗೆ ಮಳೆ ತರುವ ನೈರುತ್ಯ ಮಾರುತವೇ ಅವನ ದೋಫಾರ್ ಸೀಮೆಗೂ ಬೀಸುತ್ತದೆ. ಆದರೆ ಆಗ ಅಲ್ಲಿಯ ಕಡಲು ತಣ್ಣಗಿರುತ್ತದೆ, ಮೇಲೆ ಬಿಸಿಯ ಒಣಗಾಳಿ ಮುಚ್ಚಳದಂತೆ ಕೂತಿರುತ್ತದೆ. ಮೋಡ ಮೇಲೇರಿ ಮಳೆಯಾಗುವ ಬದಲು ಗುಡ್ಡಕ್ಕೆ ಮಂಜಾಗಿ ತಾಗುತ್ತದೆ. ಸಲಾಲಾದ ವರ್ಷದ ಮಳೆ ಸುಮಾರು 100 ಮಿಲಿಮೀಟರ್; ಕಾರವಾರದ್ದು 3,000ದ ಹತ್ತಿರ.

ಆ ಮಂಜಿನ ಕಾಲಕ್ಕೆ ಅಲ್ಲಿ ಖರೀಫ್ ಎನ್ನುತ್ತಾರೆ. ಅವನೊಡನೆ ಗುಡ್ಡ ಹತ್ತಿ ನೋಡಿದೆ: ಮರದಡಿ ಕೆಸರು, ಬಯಲಿನಲ್ಲಿ ಬರೀ ತೇವ. ಎಲೆಗಳೇ ಮಂಜು ಹಿಡಿದು ತೊಟ್ಟಿಕ್ಕಿಸುತ್ತವೆ. ಇದೇ ಕೆಲಸವನ್ನು ಬಲೆಯಿಂದ ಮಾಡಿಸುವ ಪ್ರಯೋಗ ಅಲ್ಲಿ 1990ರ ಸುಮಾರಿಗೇ ನಡೆದಿತ್ತು. ಎರಡು ಕಂಬ, ನಡುವೆ ನರ್ಸರಿಯಲ್ಲಿ ನೆರಳಿಗೆ ಕಟ್ಟುವಂಥ ಪ್ಲಾಸ್ಟಿಕ್ ಬಲೆ, ಕೆಳಗೆ ಸೀಳಿದ ಪೈಪು, ಕೊನೆಗೊಂದು ಪೀಪಾಯಿ. ಕರೆಂಟಿನ ಮಾತೇ ಇಲ್ಲ. ಚಿಲಿಯ ಎಲ್ ಟೋಫೋ ಬೆಟ್ಟದಲ್ಲಿ ಇಂಥ ಬಲೆಗಳು ಚದರ ಮೀಟರಿಗೆ ದಿನಕ್ಕೆ ಸರಾಸರಿ 3 ಲೀಟರ್ ನೀರು ಹಿಡಿದು, 1990ರ ದಶಕದಲ್ಲಿ ಚುಂಗುಂಗೋ ಎಂಬ ಮೀನುಗಾರರ ಹಳ್ಳಿಗೆ ಕುಡಿಸಿದವು.

ಮೂರೇ ಲೀಟರ್! ನಮ್ಮ ಹಂಚಿನ ಮಾಡು 100 ಚದರ ಮೀಟರ್ ಎಂದುಕೊಂಡರೂ ವರ್ಷಕ್ಕೆ 3 ಲಕ್ಷ ಲೀಟರ್ ಬಂದು ಬೀಳುತ್ತದೆ. ಅಂಗಳ ಕೆಡದಂತೆ ಅದನ್ನು ಹಳ್ಳಕ್ಕೆ, ಹಳ್ಳದಿಂದ ಕಡಲಿಗೆ ಸಾಗಹಾಕುವುದರಲ್ಲೇ ನಮ್ಮ ಜಾಣತನವೆಲ್ಲ ಖರ್ಚು. ಏಪ್ರಿಲ್‌ನಲ್ಲಿ ಬಾವಿ ನೀರು ಉಪ್ಪಾದಾಗ ಟ್ಯಾಂಕರಿನವನಿಗೆ ಬೈಗುಳ.

ಅಣ್ಣನಿಗೆ ಇದನ್ನೆಲ್ಲ ಹೇಳಿದೆ. "ಜೂನ್ ನೀರನ್ನು ಮೇವರೆಗೆ ಎಲ್ಲಿ ಇಡುತ್ತೀಯಾ? ಬಾವಿಗೆ ಬಿಟ್ಟರೆ ಈ ಚಿರೆಕಲ್ಲಿನ ನೆಲದಲ್ಲಿ ನಿಲ್ಲುವುದಿಲ್ಲ" ಎಂದ. ಅದು ಸುಳ್ಳಲ್ಲ. ಖರೀಫ್ ಮುಗಿದರೆ ಬಲೆಗೂ ಕೆಲಸವಿಲ್ಲ. ಮಸ್ಕತ್ತಿನಲ್ಲಿ ನಾನು ಕುಡಿಯುವುದೂ ಮಂಜಿನ ನೀರಲ್ಲ, ಉಪ್ಪು ತೆಗೆದ ಕಡಲ ನೀರು. ಅದಕ್ಕೆ ಸುಡುವ ಅನಿಲದ ಲೆಕ್ಕ ಬೇರೆ. ಒಪ್ಪಿದೆ. ಆದರೂ ನಾಲ್ವರ ಮನೆಗೆ ಎರಡು ತಿಂಗಳು ಕುಡಿಯಲು, ಅಡುಗೆಗೆ 5,000 ಲೀಟರಿನ ಒಂದು ತೊಟ್ಟಿ ಸಾಕು. ಅದಕ್ಕೆ ಜಾಗವಿಲ್ಲ ಎನ್ನುವ ಅಣ್ಣನಿಗೆ ಕಾರಿನ ಶೆಡ್ಡಿಗೆ ಮಾತ್ರ ಜಾಗ ಸಿಕ್ಕಿದೆ.